ಸೈಕಲ್ ಸ್ಟ್ಯಾಂಡ್ ಖಾಲಿ ಇದ್ದರೂ ಜನ ಪಕ್ಕದ ಕಂಬಕ್ಕೇ ಬೀಗ ಹಾಕುವುದೇಕೆ?

ಅಂಥ ಸ್ಟ್ಯಾಂಡ್ ಮುಂದಿನ ಚಕ್ರವನ್ನಷ್ಟೇ ಹಿಡಿಯುತ್ತದೆ, ಫ್ರೇಮನ್ನು ಬಿಗಿಯಲು ಅಲ್ಲಿ ಏನೂ ಇರುವುದಿಲ್ಲ. ಕಂಬಕ್ಕಾದರೆ ಫ್ರೇಮನ್ನೇ ಸೇರಿಸಿ ಬೀಗ ಹಾಕಬಹುದು.

ಈಗಿನ ಎಷ್ಟೋ ಸೈಕಲ್‌ಗಳ ಮುಂದಿನ ಚಕ್ರವನ್ನು ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಚ್ಚಬಹುದು. ಬೀಗ ಚಕ್ರಕ್ಕೆ ಮಾತ್ರ ಬಿದ್ದಿದ್ದರೆ ಕಳ್ಳ ಅದನ್ನು ಅಲ್ಲೇ ಬಿಟ್ಟು ಉಳಿದ ಸೈಕಲ್ಲನ್ನು ಹೊತ್ತೊಯ್ಯುತ್ತಾನೆ. ಇನ್ನೊಂದು ತೊಂದರೆಯೂ ಇದೆ: ಪಕ್ಕದಿಂದ ಯಾರಾದರೂ ತಾಗಿದರೆ ಇಡೀ ಸೈಕಲ್ಲಿನ ಭಾರ ಆ ಒಂದು ಚಕ್ರದ ಮೇಲೆ ಬಿದ್ದು ರಿಮ್ಮು ಸೊಟ್ಟಗಾಗುತ್ತದೆ. ಹಣ ಕೊಟ್ಟು ಕೊಂಡವರು ಇದನ್ನು ಒಂದು ಸಲ ನೋಡಿದರೆ ಸಾಕು, ಮತ್ತೆ ಆ ಕಡೆ ಸುಳಿಯುವುದಿಲ್ಲ.

ಇದಕ್ಕಿಂತ ಎಷ್ಟೋ ಒಳ್ಳೆಯದು ಶೆಫೀಲ್ಡ್ ಸ್ಟ್ಯಾಂಡ್. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆಸರು ಹೊತ್ತ ಇದು, ಕಮಾನಿನಂತೆ ಬಗ್ಗಿಸಿ ನೆಲಕ್ಕೆ ಹೂತ ಉಕ್ಕಿನ ಪೈಪು, ಅಷ್ಟೇ. ಎರಡು ಬದಿಗೂ ಒಂದೊಂದು ಸೈಕಲ್ ಒರಗಿಸಿ ಫ್ರೇಮು, ಚಕ್ರ ಎರಡಕ್ಕೂ ಬೀಗ ಹಾಕಬಹುದು. ಆದರೆ ಸ್ಟ್ಯಾಂಡ್‌ಗಳ ನಡುವೆ ಸುಮಾರು 1 ಮೀಟರ್ ಅಂತರ ಬೇಕೇ ಬೇಕು. ಒತ್ತೊತ್ತಾಗಿ ನೆಟ್ಟರೆ ಹ್ಯಾಂಡಲ್‌ಗಳು ಒಂದಕ್ಕೊಂದು ಸಿಕ್ಕಿಕೊಂಡು ಅರ್ಧ ಜಾಗ ಬಳಕೆಗೇ ಬರುವುದಿಲ್ಲ. ಅದನ್ನು ಕಟ್ಟಡದ ಹಿಂದೆ ಮರೆಯಲ್ಲಿ ಹಾಕಿದರೂ ಪ್ರಯೋಜನವಿಲ್ಲ, ಬಾಗಿಲ ಹತ್ತಿರ, ನಾಲ್ಕು ಜನ ಓಡಾಡುವ ಕಡೆ ಇರಬೇಕು.