ಮೆಚ್ಚಿದ ಆಟಗಾರನೇ ಕೈಕೊಟ್ಟರೆ

ಪ್ರಶ್ನೆ: ನಾನು ಹಾಸನದವನು, ಈಗ ಸ್ಯಾನ್ ಡಿಯಾಗೊದಲ್ಲಿದ್ದೇನೆ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲದ ನನಗೆ ಬೇಸ್‌ಬಾಲ್ ಹುಚ್ಚು ಹಿಡಿಸಿದವನು ಇಲ್ಲಿನ ಪಾಡ್ರೆಸ್ ತಂಡದ ಫರ್ನಾಂಡೊ ಟಟೀಸ್ ಜೂನಿಯರ್. ಹೋಮ್ ರನ್ (ನಮ್ಮ ಸಿಕ್ಸರ್ ಥರ, ಚೆಂಡು ಬೇಲಿ ದಾಟೋ ಹೊಡೆತ) ಹೊಡೆದು, ನಾಲ್ಕು ಬೇಸ್ ಸುತ್ತುತ್ತಾ ಮೂರನೇ ಬೇಸ್ ಹತ್ತಿರ ಬಂದಾಗ ಅವನು ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾನಲ್ಲ, ಅದನ್ನು ನನ್ನ ಮಗ ಹಾಲ್‌ನಲ್ಲಿ ಸೋಫಾ ದಿಂಬು ಹಾಕಿಕೊಂಡು ದಿನಾ ಮಾಡುತ್ತಿದ್ದ. 2022ರಲ್ಲಿ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಅವನು ಸಿಕ್ಕಿಬಿದ್ದ ದಿನ ಮಗ ಜೆರ್ಸಿಯನ್ನು ಕಪಾಟಿನ ತಳಕ್ಕೆ ತುರುಕಿದ. ಈಗ ಮತ್ತೆ ತೆಗೆದು ಹಾಕಿಕೊಳ್ಳುತ್ತಾನೆ. ನನಗೆ ಮಾತ್ರ ಇವತ್ತಿಗೂ ಚಪ್ಪಾಳೆ ತಟ್ಟೋಕೆ ಕೈ ಏಳಲ್ಲ. ಸುಮ್ನೆ ಹಟ ಮಾಡ್ತಿದ್ದೀನಾ?

ಉತ್ತರ: ಹಟ ಅಲ್ಲ. ನಿಮ್ಮ ಹೊಟ್ಟೆ ಉರಿದದ್ದು ಸರಿಯಾಗಿಯೇ ಇದೆ.

ಗೊತ್ತಿಲ್ಲದ ಓದುಗರಿಗೆ ಸ್ವಲ್ಪ ಹಿಂದಿನದು ಹೇಳುತ್ತೇನೆ. 2021ರ ಫೆಬ್ರವರಿಯಲ್ಲಿ, 22ನೇ ವಯಸ್ಸಿಗೇ, ಟಟೀಸ್‌ಗೆ 14 ವರ್ಷದ, 34 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. ಆ ವರ್ಷ ಅವನು 42 ಹೋಮ್ ರನ್ ಹೊಡೆದು ಅಮೆರಿಕದ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲೇ ಮೊದಲಿಗನಾದ. ಆಮೇಲಿನ ಬಿಡುವಿನಲ್ಲಿ ತನ್ನ ಊರು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬೈಕ್‌ನಿಂದ ಬಿದ್ದ ಸುದ್ದಿ ಬಂತು, ಎಡ ಮಣಿಕಟ್ಟು ಮುರಿದದ್ದು ಗೊತ್ತಾಯಿತು, 2022ರ ಮಾರ್ಚ್‌ನಲ್ಲಿ ಆಪರೇಷನ್ ಆಯಿತು. ಸ್ಯಾನ್ ಡಿಯಾಗೊ ಊರೆಲ್ಲ ಕಾಯಿತು. ಇನ್ನೇನು ಬಂದೇಬಿಟ್ಟ ಅನ್ನುವಾಗ, ಆಗಸ್ಟ್ 12ರಂದು, ಕ್ಲಾಸ್ಟಿಬಾಲ್ ಅನ್ನೋ ಸ್ಟೀರಾಯ್ಡ್ ಮೈಯಲ್ಲಿ ಸಿಕ್ಕಿದೆ, 80 ಪಂದ್ಯ ನಿಷೇಧ, ಸಂಬಳ ಇಲ್ಲ ಅಂತ ಪ್ರಕಟವಾಯಿತು. ಹುಳುಕಡ್ಡಿಗೆ ತಗೊಂಡ ಔಷಧಿಯಲ್ಲಿ ಅದು ಇತ್ತು, ನೋಡಿಕೊಳ್ಳಲಿಲ್ಲ ಅಂದ.

ನಿಜವೇ ಇರಬಹುದು. ಕ್ಲಾಸ್ಟಿಬಾಲ್ ಇರೋ ಚರ್ಮದ ಮುಲಾಮು ಕೆಲವು ದೇಶಗಳಲ್ಲಿ ಸಿಗುತ್ತದೆ. ಆದರೆ ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ ಅನ್ನೋದು ಅಲ್ಲಿನ ನಿಯಮ. ನಮ್ಮ ಕ್ರಿಕೆಟ್‌ನಲ್ಲೂ ಶೇನ್ ವಾರ್ನ್ 2003ರ ವಿಶ್ವಕಪ್ ಶುರುವಾಗುವ ಹೊತ್ತಿಗೆ ಮನೆಗೆ ಹೋಗಬೇಕಾಯಿತಲ್ಲ, ಅಮ್ಮ ಕೊಟ್ಟ ಮಾತ್ರೆ ಅಂದರೂ ಒಂದು ವರ್ಷ ನಿಷೇಧ ತಪ್ಪಲಿಲ್ಲ. ಟಟೀಸ್ ಸುತ್ತ ವೈದ್ಯರಿದ್ದರು, ಟ್ರೇನರ್‌ಗಳಿದ್ದರು. ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು. ನನಗೆ ಜಾಸ್ತಿ ಸಿಟ್ಟು ಬರೋದು ಇಲ್ಲೇ. ಒಂದೇ ವರ್ಷದಲ್ಲಿ ಎರಡು ಸಲ ಇಂಥ ಅಸಡ್ಡೆ, ಆ ಸೀಸನ್‌ನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಪಾಡ್ರೆಸ್ ಆ ಸೀಸನ್‌ನಲ್ಲಿ 111 ಪಂದ್ಯ ಗೆದ್ದಿದ್ದ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡವನ್ನು ಪ್ಲೇಆಫ್‌ನಿಂದ ಮನೆಗೆ ಕಳಿಸಿತು, ತನ್ನದೇ ಮೈದಾನ ಪೆಟ್ಕೊ ಪಾರ್ಕ್‌ನಲ್ಲಿ, ಏಳನೇ ಇನ್ನಿಂಗ್ಸ್‌ನಲ್ಲಿ ಐದು ರನ್ ಬಾರಿಸಿ. 1998ರ ನಂತರ ಆ ಊರು ಅಂಥ ರಾತ್ರಿ ಕಂಡಿರಲಿಲ್ಲ. ಅವತ್ತು ಅವನು ಮೈದಾನದಲ್ಲಿ ಇರಬೇಕಿತ್ತು, ಅಲ್ವಾ? ಮುಂದಿನ ಸುತ್ತಿನಲ್ಲಿ ಫಿಲಡೆಲ್ಫಿಯಾ ಎದುರು ಸೋತಾಗ ನಿಮಗೂ ಅದೇ ಅನಿಸಿರುತ್ತದೆ.

ಆದರೂ ಮಗನನ್ನು ತಡೆಯಬೇಡಿ. ಅವನು ಈಗ ನೋಡುತ್ತಿರೋದು ವಾಪಸ್ ಬಂದ ಟಟೀಸ್‌ನನ್ನು. 2023ರಲ್ಲಿ ಅವನ ಶಾರ್ಟ್‌ಸ್ಟಾಪ್ ಜಾಗ (ಎರಡನೇ, ಮೂರನೇ ಬೇಸ್ ನಡುವೆ ಫೀಲ್ಡಿಂಗ್ ಮಾಡೋದು) ಬೇರೆಯವರಿಗೆ ಹೋಯಿತು. ಇವನು ಗೊಣಗದೆ ದೂರದ ಬಲ ಅಂಚಿಗೆ, ರೈಟ್ ಫೀಲ್ಡ್‌ಗೆ ಹೋದ, ಎದುರಾಳಿ ಊರುಗಳಲ್ಲಿ ಜನ ಹೀಯಾಳಿಸುವುದನ್ನು ಬೆನ್ನ ಹಿಂದೆಯೇ ಕೇಳಿಕೊಂಡು ಆಡಿದ, ಅದೇ ವರ್ಷ ಫೀಲ್ಡಿಂಗ್‌ಗೆ ಕೊಡೋ ಗೋಲ್ಡ್ ಗ್ಲೋವ್, ಪ್ಲಾಟಿನಮ್ ಗ್ಲೋವ್ ಪ್ರಶಸ್ತಿ ಎರಡೂ ಗೆದ್ದ. ನೀವು ಚಪ್ಪಾಳೆ ತಟ್ಟಲೇಬೇಕು ಅಂತಿಲ್ಲ. ಮುಂದಿನ ಸಲ ಮಗನ ಜೊತೆ ರೈಟ್ ಫೀಲ್ಡ್ ಕಡೆ ಟಿಕೆಟ್ ತಗೊಂಡು ಕೂತು, ಅಲ್ಲಿಂದ ಅವನು ಮೂರನೇ ಬೇಸ್‌ಗೆ ಎಸೆಯೋ ಚೆಂಡನ್ನು ನೋಡಿ.

ಪ್ರಶ್ನೆ: ಅಷ್ಟು ದೊಡ್ಡ ಆಟಗಾರನಿಗೆ ತಂಡದಲ್ಲಿ ಬುದ್ಧಿ ಹೇಳುವವರೇ ಇರಲಿಲ್ಲವಾ?

ಉತ್ತರ: ಇದ್ದರು. 2021ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಅಂಪೈರ್ ತೀರ್ಪಿಗೆ ಮುನಿಸಿಕೊಂಡು ಕೂತಿದ್ದ ಟಟೀಸ್‌ಗೆ ಅದೇ ತಂಡದ ಹಿರಿಯ ಆಟಗಾರ ಮ್ಯಾನಿ ಮಚಾಡೊ ಎಲ್ಲರೆದುರೇ ಕೂಗಾಡಿದ, ಇದು ನಿನ್ನೊಬ್ಬನ ವಿಷಯ ಅಲ್ಲ, ಹೋಗಿ ಆಡು ಅಂತ. ಕ್ಯಾಮೆರಾ ಎಲ್ಲವನ್ನೂ ಹಿಡಿಯಿತು. ಅದೇ ಮಚಾಡೊ 2018ರ ಪ್ಲೇಆಫ್‌ನಲ್ಲಿ ಮೊದಲ ಬೇಸ್‌ಗೆ ಜೋರಾಗಿ ಓಡದೆ ಜನರಿಂದ ಚೆನ್ನಾಗಿ ಬೈಸಿಕೊಂಡವನು. ಅದಕ್ಕೇ ಅವನ ಮಾತಿಗೆ ತೂಕ ಇತ್ತು ಅಂತ ನನಗನಿಸುತ್ತದೆ. ನಿಷೇಧದ ನಂತರ ಟಟೀಸ್ ಸ್ಯಾನ್ ಡಿಯಾಗೊಗೆ ಬಂದು ತಂಡದವರ ಕ್ಷಮೆ ಕೇಳಿದ. ತಂಡದ ಆ ಕೋಣೆಯಲ್ಲಿ ಮೊದಲು ನಂಬಿಕೆ ಗಳಿಸಬೇಕಿದ್ದದ್ದು ಮಚಾಡೊನಂಥವರದ್ದು, ನಮ್ಮದು ಆಮೇಲೆ.