ಬಾವುಟ ತಿದ್ದುವವರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ವಿಕಿಪೀಡಿಯದ ಬಾವುಟ, ಲೋಗೊ, ನಕ್ಷೆಗಳನ್ನು ಸಂಬಳವಿಲ್ಲದೆ ಕೂತು ತಿದ್ದುವವರ ಬಗ್ಗೆ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಒಂದು ಬಾವುಟದ ಚಿತ್ರದ ಮೇಲೆ 'ಇದನ್ನು ಎಸ್‌ವಿಜಿಗೆ ಬದಲಿಸಬೇಕು' ಅಂತ ಚೀಟಿ ಅಂಟಿಸಿದ್ದಾರೆ. ಚಿತ್ರ ಚೆನ್ನಾಗೇ ಕಾಣುತ್ತಿದೆಯಲ್ಲ, ಯಾಕೆ ಬದಲಿಸಬೇಕು?

ಉತ್ತರ: ಚಿಕ್ಕದಾಗಿ ನೋಡಿದಾಗ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಒಮ್ಮೆ ದೊಡ್ಡದು ಮಾಡಿ ನೋಡಿ. ಮಾಮೂಲಿ ಚಿತ್ರದ ಕಡತ ಅಂದರೆ ಬಣ್ಣದ ಚುಕ್ಕಿಗಳ ರಾಶಿ. ಹಿಗ್ಗಿಸಿದರೆ ಚುಕ್ಕಿಗಳೇ ಹಿಗ್ಗುತ್ತವೆ, ನೆಟ್ಟಗಿದ್ದ ಓರೆಗೆರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಫೋಟೊಗಳಿಗೆ ಬಳಸುವ ಜೆಪೆಗ್ ಮಾದರಿಯಾದರಂತೂ ಇನ್ನೂ ಕಷ್ಟ. ಅದು ಚಿತ್ರವನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರವನ್ನು ಬಿಟ್ಟುಬಿಡುತ್ತದೆ. ಮುಖ, ಮರ, ಮೋಡಕ್ಕೆ ಇದು ನಡೆಯುತ್ತದೆ. ಬಾವುಟದಲ್ಲಿ ಕೆಂಪು ಮುಗಿದು ಬಿಳಿ ಶುರುವಾಗುವ ಕಡೆ ಮಾತ್ರ ನುಸಿ ಮುತ್ತಿದ ಹಾಗೆ ಕೊಳೆ ಕಾಣುತ್ತದೆ.

ಎಸ್‌ವಿಜಿಯಲ್ಲಿ ಚುಕ್ಕಿಗಳೇ ಇಲ್ಲ, ಇರುವುದು ಬರೆದಿಟ್ಟ ಅಪ್ಪಣೆಗಳು. ಜಪಾನಿನ ಬಾವುಟವನ್ನೇ ತೆಗೆದುಕೊಳ್ಳಿ. '900 ಅಗಲ 600 ಎತ್ತರದ ಬಿಳಿ ಆಯತ ಹಾಕು, ಅದರ ನಟ್ಟನಡುವೆ 180 ತ್ರಿಜ್ಯದ ಕೆಂಪು ವೃತ್ತ ಹಾಕು.' ಇಡೀ ಕಡತ ಇಷ್ಟೇ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು, ಕೈಯಲ್ಲೇ ಬರೆಯಲೂಬಹುದು. ಅಂಚೆಚೀಟಿಯಷ್ಟು ಮಾಡಿದರೂ ಗೋಡೆಯಷ್ಟು ಮಾಡಿದರೂ ಅಂಚು ಅದೇ. ಈ ಮಾದರಿ ಅಧಿಕೃತವಾಗಿದ್ದು 2001ರಲ್ಲಿ, ವಿಕಿಪೀಡಿಯ ಹುಟ್ಟಿದ ವರ್ಷವೇ. ಬಿಡಿಸಲು ಇಂಕ್‌ಸ್ಕೇಪ್ ಎಂಬ ಪುಕ್ಕಟೆ ತಂತ್ರಾಂಶ ಸಾಕು.

ಹಾಗಂತ ಫೋಟೊಗಳನ್ನೆಲ್ಲ ಎಸ್‌ವಿಜಿ ಮಾಡಲು ಹೋಗಬೇಡಿ. ಅದು ಬೇರೆಯದೇ ಸಾಮಾನು.

ಪ್ರಶ್ನೆ: ಎರಡು ರಾತ್ರಿ ಕೂತು ಒಂದು ದೇಶದ ಬಾವುಟ ಬಿಡಿಸಿದೆ. ಬಣ್ಣವನ್ನು ಒಳ್ಳೆಯ ಫೋಟೊದಿಂದಲೇ ಎತ್ತಿಕೊಂಡಿದ್ದೆ. ಮರುದಿನ ಯಾರೋ ಹಳೆಯ ಚಿತ್ರವನ್ನೇ ವಾಪಸ್ ಹಾಕಿ, 'ಆಧಾರ ಎಲ್ಲಿ?' ಅಂತ ಒಂದು ಸಾಲು ಬರೆದು ಹೋದರು. ತುಂಬಾ ಬೇಜಾರಾಯಿತು.

ಉತ್ತರ: ಆಗದೆ ಇರುತ್ತದೆಯೇ? ಆ ಸಾಲನ್ನು ಇನ್ನೂ ಸ್ವಲ್ಪ ಮೆತ್ತಗೆ ಬರೆಯಬಹುದಿತ್ತು. ಆದರೆ ಅವರು ಕೇಳಿದ್ದು ಮಾತ್ರ ಸರಿ. ಫೋಟೊದಿಂದ ನೀವು ಎತ್ತಿಕೊಂಡ ಬಣ್ಣದಲ್ಲಿ ಆ ಹೊತ್ತಿನ ಬಿಸಿಲು, ಬಟ್ಟೆ ಮಾಸಿದ್ದು, ಕ್ಯಾಮೆರಾದ ಲೆಕ್ಕ ಎಲ್ಲ ಬೆರೆತಿದೆ. ಮಡಿಕೆಯ ಒಂದು ಪಕ್ಕದಲ್ಲಿ ಒಂದು ಕೆಂಪು, ಇನ್ನೊಂದು ಪಕ್ಕದಲ್ಲಿ ಇನ್ನೊಂದು. ಅದರಲ್ಲಿ ಯಾವುದು ಆ ದೇಶದ ಕೆಂಪು?

ಬಾವುಟಕ್ಕೆ ಸಾಮಾನ್ಯವಾಗಿ ಚಿತ್ರದ ಜೊತೆ ಬರಹವೂ ಇರುತ್ತದೆ. ಒಂದು ಕಾನೂನು, ಒಂದು ಆದೇಶ, ಇಲ್ಲವೇ ಸಂವಿಧಾನದ ಕೊನೆಗೆ ಸೇರಿಸಿದ ಒಂದು ಪುಟ. ಮೊದಲು ಅದನ್ನು ಹುಡುಕಿ ಓದಬೇಕು. ಈ ಕೆಲಸದಲ್ಲಿ ಬಿಡಿಸುವುದಕ್ಕಿಂತ ಓದುವುದೇ ಜಾಸ್ತಿ, ಇದನ್ನು ನಾನು ತಡವಾಗಿ ಕಲಿತೆ. ಮೇಲೆ ಹೇಳಿದ ಜಪಾನನ್ನೇ ಮತ್ತೆ ನೋಡಿ. 1999ರ ಕಾನೂನಿನ ಪ್ರಕಾರ ಬಾವುಟದ ಎತ್ತರಕ್ಕೂ ಉದ್ದಕ್ಕೂ ಇರುವ ಅಳತೆ 2:3, ವೃತ್ತದ ವ್ಯಾಸ ಎತ್ತರದ ಐದರಲ್ಲಿ ಮೂರು ಪಾಲು, ಅದು ಇರಬೇಕಾದದ್ದು ನಡುವೆ. ಆದರೆ 1870ರ ಪ್ರಕಟಣೆಯಲ್ಲಿ ಅಳತೆ 7:10 ಇತ್ತು, ವೃತ್ತ ಕಂಬದ ಕಡೆಗೆ ಉದ್ದದ ನೂರರಲ್ಲಿ ಒಂದು ಪಾಲಿನಷ್ಟು ಸರಿದಿತ್ತು. ಬರೀ ಕಣ್ಣಿಗೆ ಎರಡೂ ಒಂದೇ. ಇಂದಿನ ಜಪಾನಿನ ಲೇಖನಕ್ಕೆ ಹಳೆಯದನ್ನೋ, ಹಳೆಯ ಕಾಲದ ಲೇಖನಕ್ಕೆ ಹೊಸದನ್ನೋ ಹಾಕಿದರೆ ತಪ್ಪಾಯಿತಲ್ಲವೇ?

ಅಳತೆಯಲ್ಲೂ ದೇಶಕ್ಕೊಂದು ಹಟ. ಸ್ವಿಟ್ಜರ್ಲೆಂಡಿನದು ಚೌಕ, ಬೆಲ್ಜಿಯಂ 13:15, ಅಮೆರಿಕ 10:19, ಕತಾರ್ ಅಂತೂ 11:28, ಹಾಸಿದ ಜಮಖಾನೆಯಷ್ಟು ಉದ್ದ. ಅಮೆರಿಕದವರು 1959ರ ಆದೇಶದಲ್ಲಿ ಒಂದೊಂದು ನಕ್ಷತ್ರ ಎಷ್ಟು ದೊಡ್ಡದಿರಬೇಕು ಅಂತಲೂ ದಶಾಂಶದಲ್ಲಿ ಬರೆದಿದ್ದಾರೆ. ನೇಪಾಳದ ಎರಡು ಕೋನದ ಬಾವುಟವನ್ನು ಹೇಗೆ ಬಿಡಿಸಬೇಕು ಅನ್ನುವುದು ಅವರ ಸಂವಿಧಾನದಲ್ಲೇ ಹೆಜ್ಜೆ ಹೆಜ್ಜೆಯಾಗಿ ಇದೆ, ಜ್ಯಾಮಿತಿ ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಹೇಳಿಕೊಟ್ಟ ಹಾಗೆ. ಅದನ್ನು ಓದುತ್ತಾ ಬಿಡಿಸಿದ್ದು ನನಗೆ ಇವತ್ತಿಗೂ ಖುಷಿ ಕೊಡುವ ನೆನಪು.

ತಲೆನೋವು ಬರುವುದು ಕಾನೂನಿನಲ್ಲಿ ಬರೀ 'ನೀಲಿ' ಅಂತ ಬರೆದು ಸುಮ್ಮನಾದಾಗ. ಚಾಡ್ ಮತ್ತು ರೊಮೇನಿಯದ ಬಾವುಟಗಳನ್ನು ಪಕ್ಕಪಕ್ಕ ಇಟ್ಟರೆ, ನೀಲಿಯ ಗಾಢತೆ ಬಿಟ್ಟರೆ ಬೇರೆ ಗುರುತೇ ಸಿಗುವುದಿಲ್ಲ. ಇಂಥ ಕಡೆ ನಿಮಗನಿಸಿದ ಬಣ್ಣ ಹಾಕುವ ಮೊದಲು ಆ ಚಿತ್ರದ ಚರ್ಚೆ ಪುಟದಲ್ಲಿ ಕೇಳಿ. ಯಾಕಿಷ್ಟು ಬಿಗಿ ಅಂದರೆ, ಎಲ್ಲ ಭಾಷೆಯ ವಿಕಿಪೀಡಿಯಗಳೂ ಚಿತ್ರ ತೆಗೆದುಕೊಳ್ಳುವ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿರುವ ಆ ಒಂದೇ ಕಡತವನ್ನು ಎಷ್ಟೋ ಭಾಷೆಗಳ ಸಾವಿರಾರು ಪುಟಗಳು ಬಳಸುತ್ತಿರಬಹುದು, ನೀವು ಇಲ್ಲಿ ಬಣ್ಣ ಬದಲಿಸಿದರೆ ಅಲ್ಲೆಲ್ಲ ಬದಲಾಗುತ್ತದೆ, ಅಲ್ಲಿಂದ ಪೋಸ್ಟರಿಗೆ, ಪಾಠಕ್ಕೆ, ಸುದ್ದಿಗೆ ಹೋಗುತ್ತದೆ, ಆಮೇಲೆ ಯಾರೋ ಆ ಪೋಸ್ಟರನ್ನೇ ಆಧಾರ ಅಂತ ತೋರಿಸುತ್ತಾರೆ.

ಇನ್ನೊಂದು. ಸಣ್ಣ ತಿದ್ದುಪಡಿಯಾದರೆ ಅದೇ ಕಡತದ ಮೇಲೆ ಹಾಕಿ. ಚಿತ್ರವೇ ಬೇರೆ ಅನ್ನುವಷ್ಟು ಬದಲಾಗಿದ್ದರೆ ಹೊಸ ಹೆಸರಿನಲ್ಲಿ ಹಾಕಿ. ಜಗಳ ಅರ್ಧ ಕಡಿಮೆಯಾಗುತ್ತದೆ. ನಿಮ್ಮ ಎರಡು ರಾತ್ರಿಯ ಕೆಲಸವೂ ಎಲ್ಲೂ ಹೋಗಿಲ್ಲ, ಕಡತದ ಇತಿಹಾಸದಲ್ಲಿ ಹಾಗೇ ಇದೆ. ಆಧಾರ ಸಿಕ್ಕಿದ ದಿನ ಬಣ್ಣ ಸರಿಮಾಡಿ ಮತ್ತೆ ಹಾಕಿ.

ಪ್ರಶ್ನೆ: ಚಿತ್ರ ಕೊಟ್ಟರೆ ತಂತ್ರಾಂಶ ತಾನೇ ಎಸ್‌ವಿಜಿ ಮಾಡಿಕೊಡುತ್ತದಲ್ಲ? ಸುಮ್ನೆ ಕೈಯಲ್ಲಿ ಯಾಕೆ ಒದ್ದಾಡಬೇಕು?

ಉತ್ತರ: ನಾನೂ ಹಾಗೇ ಅಂದುಕೊಂಡು ಒಂದು ಲಾಂಛನವನ್ನು ಯಂತ್ರಕ್ಕೆ ಕೊಟ್ಟಿದ್ದೆ. ನೋಡಲು ಸರಿಯಾಗೇ ಬಂತು. ಒಳಗೆ ತೆರೆದರೆ ಒಂದು ವೃತ್ತ ಇರಬೇಕಾದ ಕಡೆ ನೂರಾರು ಬಿಂದುಗಳು, ಜೆಪೆಗ್‌ನ ಕೊಳೆಯನ್ನೂ ಅದು ಪಾಪ ಶ್ರದ್ಧೆಯಿಂದ ಗೆರೆ ಎಳೆದು ಉಳಿಸಿಕೊಂಡಿತ್ತು. ಯಾರಾದರೂ ಬಣ್ಣ ಬದಲಿಸಬೇಕೆಂದರೆ ಆ ಚೂರುಗಳನ್ನು ಒಂದೊಂದಾಗಿ ಹುಡುಕಬೇಕು. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ: ಫೋಟೊವನ್ನೇ ಎಸ್‌ವಿಜಿ ಕಡತದೊಳಗೆ ತುರುಕಿ ಹೆಸರು ಬದಲಿಸುವುದು. ಹೊದಿಕೆ ಹೊಸದು, ಒಳಗೆ ಅದೇ ಚುಕ್ಕಿ. ಕಾಮನ್ಸ್‌ನಲ್ಲಿ ಇದಕ್ಕೆ 'ನಕಲಿ ಎಸ್‌ವಿಜಿ' ಅಂತಲೇ ಹಣೆಪಟ್ಟಿ ಕಟ್ಟುತ್ತಾರೆ.

ಪ್ರಶ್ನೆ: ಕಂಪನಿಗಳ ಲೋಗೊ ಬಿಡಿಸಿ ಹಾಕಬಹುದಾ? ನಾನೇ ಬಿಡಿಸಿದ ಮೇಲೆ ಅದು ನನ್ನದೇ ಅಲ್ವಾ?

ಉತ್ತರ: ಅಲ್ಲ. ಬೇರೆಯವರ ವಿನ್ಯಾಸವನ್ನು ನೀವು ಎಷ್ಟೇ ಬೆವರು ಸುರಿಸಿ ಮತ್ತೆ ಬಿಡಿಸಿದರೂ ಹಕ್ಕು ಅವರದೇ. ಕಾಮನ್ಸ್ ಮುಕ್ತ ಪರವಾನಗಿ ಇರುವುದನ್ನು, ಇಲ್ಲವೇ ಹಕ್ಕುಸ್ವಾಮ್ಯವೇ ಇಲ್ಲದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಬರೀ ಅಕ್ಷರ, ಒಂದು ಚೌಕ, ಒಂದು ವೃತ್ತದಿಂದಾದ ಸರಳ ಲೋಗೊಗಳಿಗೆ ಎಷ್ಟೋ ದೇಶಗಳಲ್ಲಿ ಹಕ್ಕುಸ್ವಾಮ್ಯ ಸಿಗುವುದಿಲ್ಲ, ಅವು ನಡೆಯುತ್ತವೆ. ಆದರೆ 'ಸರಳ' ಅನ್ನುವುದಕ್ಕೆ ಎಲ್ಲ ದೇಶದಲ್ಲೂ ಒಂದೇ ಗೆರೆ ಇಲ್ಲ, ಟ್ರೇಡ್‌ಮಾರ್ಕ್ ಬೇರೆ ಪ್ರತ್ಯೇಕ. ಸರಳವಲ್ಲದ ಲೋಗೊಗಳನ್ನು ಇಂಗ್ಲಿಷ್ ವಿಕಿಪೀಡಿಯ ತನ್ನ ಮನೆಯೊಳಗೆ, ಚಿಕ್ಕ ಗಾತ್ರದಲ್ಲಿ, ಆಯಾ ಲೇಖನಕ್ಕೆ ಮಾತ್ರ ಬಿಟ್ಟುಕೊಳ್ಳುತ್ತದೆ. ಜರ್ಮನ್ ವಿಕಿಪೀಡಿಯ ಅದಕ್ಕೂ ಒಪ್ಪುವುದಿಲ್ಲ.

ರಾಜಲಾಂಛನಗಳದು ಮಾತ್ರ ಮಜವಾದ ಕಥೆ. ಯುರೋಪಿನ ಪದ್ಧತಿಯಲ್ಲಿ 'ನೀಲಿ ಹಿನ್ನೆಲೆಯಲ್ಲಿ ಎದ್ದುನಿಂತ ಚಿನ್ನದ ಸಿಂಹ' ಅನ್ನುವ ಥರದ ಮಾತಿನ ವಿವರಣೆಯೇ ಮೂಲ. ಅದನ್ನು ಓದಿ ನಿಮ್ಮದೇ ಸಿಂಹ ಬಿಡಿಸಿದರೆ ಅದು ನಿಮ್ಮದು. ಇನ್ನೊಬ್ಬ ಕಲಾವಿದರ ಸಿಂಹದ ಮೇಲೆ ಕಾಗದ ಇಟ್ಟು ತೀಡಿದರೆ ಅದು ಅವರದು.

ಪ್ರಶ್ನೆ: ಹೃದಯದ ಚಿತ್ರಕ್ಕೆ ಕನ್ನಡದಲ್ಲಿ ಹೆಸರು ಬರೆದೆ. ನನ್ನ ಕಂಪ್ಯೂಟರಿನಲ್ಲಿ ಸರಿ ಇತ್ತು, ವಿಕಿಪೀಡಿಯದಲ್ಲಿ ಅಕ್ಷರ ಚೆಲ್ಲಾಪಿಲ್ಲಿ.

ಉತ್ತರ: ವಿಕಿಪೀಡಿಯ ಲೇಖನದಲ್ಲಿ ತೋರಿಸುವುದು ನಿಮ್ಮ ಎಸ್‌ವಿಜಿಯನ್ನಲ್ಲ, ಅದರಿಂದ ಅಲ್ಲಿನ ಸರ್ವರ್ ತಯಾರಿಸಿದ, ಚುಕ್ಕಿಗಳದ್ದೇ ಆದ ಪಿಎನ್‌ಜಿ ಚಿತ್ರವನ್ನು. ನಿಮ್ಮಲ್ಲಿರುವ ಫಾಂಟ್ ಆ ಸರ್ವರಿನಲ್ಲಿ ಇಲ್ಲದಿದ್ದರೆ ಅದು ತನಗೆ ಸಿಕ್ಕಿದ್ದನ್ನು ಹಾಕುತ್ತದೆ, ಪದದ ಅಗಲ ಬದಲಾಗಿ ಬಾಣದ ಮೇಲೆ ಬೀಳುತ್ತದೆ. ಮೊದಲು ಯುನಿಕೋಡ್‌ನಲ್ಲೇ ಬರೆದಿದ್ದೀರಾ ನೋಡಿ. ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಅಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಆಮೇಲೆ ಜಾಗ ಧಾರಾಳವಾಗಿ ಬಿಡಿ. 'ಹೃತ್ಕುಕ್ಷಿ' ಅಂತ ಬರೆದು ನೋಡಿ, ಒತ್ತಕ್ಷರಗಳಿಗೇ ಕೆಳಗೆ ಇನ್ನೊಂದು ಸಾಲಿನಷ್ಟು ಜಾಗ ಬೇಕು.

ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿದರೆ ಸಮಸ್ಯೆ ಮಾಯ ಅಂತ ಕೆಲವರು ಹೇಳುತ್ತಾರೆ. ಲೋಗೊಗೆ ಸರಿ, ಅಲ್ಲಿ ಅಕ್ಷರದ ಆಕಾರವೇ ಮುಖ್ಯ. ಪಾಠದ ಚಿತ್ರಕ್ಕೆ ದಯವಿಟ್ಟು ಬೇಡ. ಪದ ಪದವಾಗೇ ಉಳಿದರೆ ತುಳುವಿನವರೋ ತಮಿಳಿನವರೋ 'ಎಸ್‌ವಿಜಿ ಟ್ರಾನ್ಸ್‌ಲೇಟ್' ಎಂಬ ಸಲಕರಣೆಯಲ್ಲಿ ಅದೇ ಕಡತಕ್ಕೆ ತಮ್ಮ ಪದ ಸೇರಿಸಬಹುದು. ಇಲ್ಲವೇ ಚಿತ್ರದಲ್ಲಿ ಬರೀ 1, 2, 3 ಹಾಕಿ, ಹೆಸರುಗಳನ್ನು ಲೇಖನದಲ್ಲಿ ಬರೆಯಿರಿ. ಹಾಗೇ, ಕೆಂಪು ಮತ್ತು ಹಸಿರಿನ ವ್ಯತ್ಯಾಸವನ್ನೇ ನಂಬಿ ಚಿತ್ರ ಮಾಡಬೇಡಿ. ಆ ಎರಡನ್ನು ಬೇರೆ ಮಾಡಿ ನೋಡಲಾಗದ ಗಂಡಸರು ಬಹಳ ಮಂದಿ ಇದ್ದಾರೆ.

ಪ್ರಶ್ನೆ: ಹೊಸ ಚಿತ್ರ ಹಾಕಿ ಒಂದು ಗಂಟೆ ಆಯಿತು, ಇನ್ನೂ ಹಳೆಯದೇ ಕಾಣುತ್ತಿದೆ. ಮೂರು ಸಲ ಹಾಕಿದೆ!

ಉತ್ತರ: ಅಯ್ಯೋ, ನಾಲ್ಕನೇ ಸಲ ಹಾಕಬೇಡಿ. ನಿಮ್ಮ ಬ್ರೌಸರ್ ಹಳೆಯ ಪ್ರತಿಯನ್ನು ಇಟ್ಟುಕೊಂಡಿದೆ. ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿ.

ಪ್ರಶ್ನೆ: ನನಗೆ ನೆಟ್ಟಗೆ ಒಂದು ಗೆರೆ ಎಳೆಯಲೂ ಬರುವುದಿಲ್ಲ. ನನಗೇನಾದರೂ ಕೆಲಸ ಇದೆಯಾ?

ಉತ್ತರ: ಇದೆ, ಬೇಕಾದಷ್ಟು. ಇಂಗ್ಲಿಷ್ ವಿಕಿಪೀಡಿಯದಲ್ಲಿ 'ಗ್ರಾಫಿಕ್ಸ್ ಲ್ಯಾಬ್' ಅಂತ ಒಂದು ಕಟ್ಟೆ ಇದೆ. ರೇಖಾಚಿತ್ರಕ್ಕೆ, ಫೋಟೊಗೆ, ಭೂಪಟಕ್ಕೆ ಬೇರೆ ಬೇರೆ ವಿಭಾಗ. ಫ್ರೆಂಚ್, ಜರ್ಮನ್‌ನವರಿಗೂ ತಮ್ಮದೇ ಕಮ್ಮಟಗಳಿವೆ. ಅಲ್ಲಿಗೆ ಹೋಗಿ ಇಂಥ ಚಿತ್ರ, ಇಂಥ ಲೇಖನ, ಇಂಥ ತಪ್ಪು, ಇದಕ್ಕೆ ಆಧಾರ ಇಲ್ಲಿದೆ ಅಂತ ಬರೆದರೆ ಬಿಡಿಸಬಲ್ಲವರು ಎತ್ತಿಕೊಳ್ಳುತ್ತಾರೆ. ಆ ಆಧಾರ ಹುಡುಕಿಕೊಟ್ಟಿರಲ್ಲ, ಅದೇ ಅರ್ಧ ಕೆಲಸ.

ವಿಕಿಪೀಡಿಯದ ಸ್ವಂತ ಲೋಗೊ, ಆ ತುಂಡು ತುಂಡಿನ ಗೋಳ, 2003ರಲ್ಲಿ ಬಂತು. ಅದರ ಮೇಲಿದ್ದ ದೇವನಾಗರಿ ಮತ್ತು ಜಪಾನಿ ಅಕ್ಷರಗಳಲ್ಲಿ ತಪ್ಪಿತ್ತು. ಆ ಲಿಪಿ ಓದಬಲ್ಲವರಿಗೆ ಮಾತ್ರ ಅದು ಕಾಣುತ್ತಿತ್ತು, ಉಳಿದವರಿಗೆ ಚಂದದ ಗೋಳ ಅಷ್ಟೇ. ತಿದ್ದಿದ್ದು 2010ರಲ್ಲಿ. ಈಗಿನ ಗೋಳದ ಮೇಲೆ ಕನ್ನಡದ 'ವಿ' ಕೂಡ ಇದೆ. ದೊಡ್ಡದು ಮಾಡಿ ಹುಡುಕಿ, ಗುಡಿಸು ಸರಿಯಾಗಿದೆಯಾ ನೋಡಿ ನನಗೆ ಬರೆಯಿರಿ.