ಬರ್ಗರಿಗೆ ಬೀಫ್ ತರುವಾಗ ಕೊಬ್ಬು ನೋಡು, ಹೆಸರಲ್ಲ

ತಮ್ಮಾ, ಅಂಕೋಲಾದಿಂದ ಅಮೆರಿಕಕ್ಕೆ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ, ಆಗಲೇ ಬರ್ಗರ್ ಚಿಂತೆ! ಇರಲಿ. ಹೊರಗೆ ತಿಂದರೆ ತೆರಿಗೆ, ಟಿಪ್ಸ್ ಎಲ್ಲ ಸೇರಿ ಜಾಸ್ತಿಯಾಗುತ್ತದೆ, ಮನೆಯಲ್ಲೇ ಹೋಟೆಲಿನ ಹಾಗೆ ಮಾಡಬಹುದಾ, ಅದಕ್ಕೆ ಪ್ರೀಮಿಯಂ ಅಂತ ಬರೆದ ದುಬಾರಿ ಗ್ರೌಂಡ್ ಬೀಫೇ (ಕೊಚ್ಚಿದ ದನದ ಮಾಂಸ) ಬೇಕಾ ಅಂತ ಕೇಳಿದ್ದೀಯ. ಧಾರಾಳವಾಗಿ ಮಾಡಬಹುದು. ದುಬಾರಿಯದು ಬೇಕಾಗಿಲ್ಲ.

ಅದಕ್ಕೂ ಮೊದಲು, ಜೊತೆಯಲ್ಲಿರುವ ಶಿರಸಿ ಹುಡುಗನನ್ನು ಕೇಳದೆ ಒಲೆ ಹಚ್ಚಬೇಡ ಮಾರಾಯಾ. ಕಾವಲಿ, ಸಟ್ಟುಗ ಬೇರೆ ಇಟ್ಟುಕೋ. ಫ್ರಿಜ್ಜಿನಲ್ಲಿ ಕೆಳಗಿನ ಅರೆ ನಿನ್ನದು ಅಂತ ಮಾತಾಡಿಕೋ, ಹಸಿ ಮಾಂಸದ ನೀರು ಯಾವುದರ ಮೇಲೂ ಸೋರಬಾರದು. ಬಾಡಿಗೆ ಹಂಚಿಕೊಂಡವರ ಜಗಳ ಹುಟ್ಟುವುದೇ ಅಡುಗೆಮನೆಯಲ್ಲಿ. ಅವನು ಬೇಡ ಅಂದರೆ ಪಾರ್ಕಿಗೆ ಹೋಗು, ಎಷ್ಟೋ ಪಾರ್ಕುಗಳಲ್ಲಿ ಗ್ರಿಲ್ ಪುಕ್ಕಟೆ ಇರುತ್ತದೆ, ಇದ್ದಿಲು ನೀನು ಒಯ್ಯಬೇಕು ಅಷ್ಟೇ.

ಇನ್ನು ಮಾಂಸ. ಪ್ಯಾಕೆಟ್ ಮೇಲೆ 80/20, 93/7 ಅಂತ ಇರುತ್ತದಲ್ಲ, ಎರಡನೆಯದು ಕೊಬ್ಬು. ಬರ್ಗರಿಗೆ 80/20 ತಗೋ, ಕಣ್ಣು ಮುಚ್ಚಿಕೊಂಡು. ಆರೋಗ್ಯ ಅಂತ 93 ತಂದರೆ ಒಣಗಿದ ಬೆರಣಿ ಅಗಿದ ಹಾಗೆ. ಆಂಗಸ್ ಅಂದರೆ ದನದ ತಳಿ, ರುಚಿಯ ಗ್ಯಾರಂಟಿ ಅಲ್ಲ. ಪ್ರೈಮ್, ಚಾಯ್ಸ್ ಅನ್ನುವ ದರ್ಜೆ ಮುಖ್ಯವಾಗಿ ಮಾಂಸದೊಳಗೆ ಕೊಬ್ಬು ಹೇಗೆ ಹರಡಿದೆ ಅನ್ನುವುದರ ಮೇಲೆ, ಎಲ್ಲ ಕೊಚ್ಚಿ ಹಾಕಿದ ಮೇಲೆ ಅದಕ್ಕೆ ಜಾಸ್ತಿ ದುಡ್ಡು ಯಾಕೆ? ಅದರ ಬದಲು ಭುಜದ ಭಾಗದ ಚಕ್ ತುಂಡು ಆರಿಸಿ, ಕಣ್ಣೆದುರೇ ಗ್ರೈಂಡ್ ಮಾಡಿಸು. ಹಲಾಲ್ ಅಂಗಡಿಗಳಲ್ಲಿ ಕೇಳಿದರೆ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ಒಂದು ಪೌಂಡ್ ಅಂದರೆ 454 ಗ್ರಾಂ, ಮೂರು ದಪ್ಪ ಪ್ಯಾಟಿ (ಬನ್ನಿನ ನಡುವೆ ಇಡುವ ಮಾಂಸದ ಬಿಲ್ಲೆ) ಆಗುತ್ತದೆ.

ನಮ್ಮವರ ಕೈ ಸುಮ್ನೆ ಇರುವುದಿಲ್ಲ. ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಮೇಲೊಂದು ಮೊಟ್ಟೆ ಹಾಕಿ ನಾದಿದರೆ ಅದು ಕಟ್ಲೆಟ್. ಅದೂ ರುಚಿಯೇ, ಆದರೆ ನೀನು ಕೇಳಿದ್ದು ಅದಲ್ಲ. ಏನೂ ಕಲಸಬೇಡ, ಉಪ್ಪನ್ನೂ. ಉಪ್ಪು ಮೊದಲೇ ಸೇರಿದರೆ ಪ್ರೋಟೀನ್ ಕರಗಿ ಅಂಟಂಟಾಗಿ, ಬೆಂದಾಗ ಸಾಸೇಜಿನ ಹಾಗೆ ಗಟ್ಟಿಯಾಗುತ್ತದೆ. ಹಗುರ ಕೈಯಲ್ಲಿ ಬನ್ನಿಗಿಂತ ಸ್ವಲ್ಪ ಅಗಲ ತಟ್ಟು, ನಡುವೆ ಹೆಬ್ಬೆರಳಿನಿಂದ ಗುಳಿ ಮಾಡು, ಇಲ್ಲದಿದ್ದರೆ ಬೇಯುತ್ತಾ ಉಬ್ಬುತ್ತದೆ. ಕಾವಲಿಗೆ ಹಾಕುವ ಗಳಿಗೆಯಲ್ಲಿ ಉಪ್ಪು, ಕುಟ್ಟಿದ ಕಾಳುಮೆಣಸು ಉದುರಿಸು.

ಕಾಸ್ಟ್ ಐರನ್ ಕಾವಲಿ ಇದ್ದರೆ ಅದೇ ಸೈ. ಸಣ್ಣಗೆ ಹೊಗೆ ಏಳುವಷ್ಟು ಕಾಯಲಿ. ಕಿಟಕಿ ತೆರೆದಿಟ್ಟುಕೋ, ಇಲ್ಲಿನ ಸ್ಮೋಕ್ ಅಲಾರಂ ಬಂಗಡೆ ಹುರಿದರೂ ಊರು ಕೂಡಿಸುತ್ತದೆ. ಹಾಕಿದ ಮೇಲೆ ಕೆದಕಬೇಡ, ಒತ್ತಬೇಡ. ತಳ ಕಂದಾಗಿ ಅಂಚು ಗರಿಗರಿಯಾದ ಮೇಲೆ ತಾನೇ ಬಿಡುತ್ತದೆ, ಆಗ ಒಂದೇ ಸಲ ಮಗುಚಿ ಮೇಲೆ ಚೀಸ್ ಇಡು.

ಹೋಟೆಲಲ್ಲಿ ಒಳಗೆ ಕೆಂಪಾಗಿ ಕೊಟ್ಟರು ಅಂತ ಮನೆಯಲ್ಲೂ ಹಾಗೆ ಮಾಡಬೇಡ. ಇಡೀ ತುಂಡಿನಲ್ಲಿ ರೋಗಾಣು ಹೆಚ್ಚಾಗಿ ಹೊರಮೈ ಮೇಲಿರುತ್ತವೆ, ಕೊಚ್ಚಿದಾಗ ಎಲ್ಲ ಒಳಗೆ ಸೇರುತ್ತವೆ. ಇಲ್ಲಿನ ಸರ್ಕಾರ ಹೇಳುವ ಲೆಕ್ಕ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಸೆಲ್ಸಿಯಸ್. ಬಣ್ಣ ನಂಬಬೇಡ, ಒಂದು ಥರ್ಮಾಮೀಟರ್ ತಗೋ.

ಬನ್ನನ್ನು ಬೆಣ್ಣೆಯಲ್ಲಿ ಬಿಸಿ ಮಾಡು. ಈರುಳ್ಳಿಗೆ ಜಾರ್ಜಿಯಾದ ವಿಡಾಲಿಯಾ ಹುಡುಕು. ಕುಮಟಾ ಹೆದ್ದಾರಿಯಲ್ಲಿ ಜಡೆ ಕಟ್ಟಿ ತೂಗುಹಾಕುತ್ತಾರಲ್ಲ, ಆ ಸಿಹಿ ಈರುಳ್ಳಿಗೆ ಹತ್ತಿರದ್ದು ಇದೇ. ಇಲ್ಲಿನ ಸೌತೆ ಪಿಕಲ್ ನನಗಂತೂ ಸಪ್ಪೆ, ಅಪ್ಪೆಮಿಡಿ ಹೆಚ್ಚಿ ಹಾಕಿ ನೋಡು.

ಆಮೇಲೆ ಕಾವಲಿಯಲ್ಲಿ ಉಳಿದ ಕೊಬ್ಬು ಸಿಂಕಿಗೆ ಸುರಿದೀಯ! ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಪ್ಲಂಬರ್ ಬಿಲ್ಲಿಗೆ ಒಂದು ತಿಂಗಳು ಹೊರಗೇ ಬರ್ಗರ್ ತಿನ್ನಬಹುದು. ಖಾಲಿ ಡಬ್ಬಿಗೆ ಹಾಕಿ, ತಣಿದ ಮೇಲೆ ಕಸಕ್ಕೆ ಎಸೆ.